ನನ್ನಲ್ಲಿಲ್ಲದ ಮಾತು

ನಾನೊಂದು ಪುಸ್ತಕ. ದಾವಣಗೆರೆಯ ಹಳೆಯ ಮುದ್ರಣಾಲಯವೊಂದರಲ್ಲಿ, ಮದುವೆ ಕರೆಯೋಲೆಗಳೂ ಚುನಾವಣೆಯ ಕರಪತ್ರಗಳೂ ಅಚ್ಚಾಗುತ್ತಿದ್ದ ಗದ್ದಲದ ನಡುವೆ ಹುಟ್ಟಿದೆ. ತಿಳಿದವರೂ ಯಾಕೆ ತಿಳಿಗೇಡಿ ತೀರ್ಮಾನ ಮಾಡುತ್ತಾರೆ ಅನ್ನುವುದೇ ನನ್ನ ತುಂಬ ಇರುವ ವಿಷಯ. ಅಂಗಡಿಯಲ್ಲಿ ಬಹಳ ದಿನ ಅಡುಗೆ ಪುಸ್ತಕಗಳ ಅಡಿಯಲ್ಲಿ ಬಿದ್ದಿದ್ದೆ.

ನನ್ನನ್ನು ಕೊಂಡವರು ಚಿತ್ರದುರ್ಗದ ತಿಪ್ಪೇರುದ್ರಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ, "ಗಂಗಾ, ಇದು ನಿನ್ನ ತಮ್ಮನಿಗೇ ಬರೆದಂಗಿದೆ ನೋಡು" ಎಂದು ಹೆಂಡತಿಯನ್ನು ಕೂಗಿ ನಗುತ್ತಿದ್ದರು. ಪಕ್ಕದ ಮನೆಯವರ, ಹಳೆಯ ಪ್ರಿನ್ಸಿಪಾಲರ ತಪ್ಪುಗಳೂ ನನ್ನಲ್ಲಿ ಸಿಕ್ಕವು. ತಮ್ಮದೊಂದು ಮಾತ್ರ ಸಿಗಲಿಲ್ಲ.

ಬರಬರುತ್ತಾ ನನ್ನನ್ನು ಮೂಗಿನ ಹತ್ತಿರ ಹಿಡಿಯತೊಡಗಿದರು. ಆಮೇಲೆ ಬಿಸಿಲಿಗೆ ಒಯ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಣ್ಣ ಆಪರೇಷನ್, ಹೆದರಬೇಡಿ ಅಂದರು ಡಾಕ್ಟರು. ಮೇಷ್ಟ್ರು ಒಪ್ಪಲಿಲ್ಲ. ಗೆಳೆಯ ನಾಗಭೂಷಣರಿಗೆ ಆಪರೇಷನ್ ಆದಮೇಲೆ ಕೀವು ತುಂಬಿ ಒಂದು ಕಣ್ಣು ಹೋಗಿತ್ತು. ಅದೇ ಬೀದಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಆರಾಮವಾಗಿ ಪೇಪರ್ ಓದುತ್ತಿದ್ದವರು ಬೇಕಾದಷ್ಟಿದ್ದರು. ಅವರ್ಯಾರೂ ಗಣಿತದ ಮೇಷ್ಟ್ರ ಲೆಕ್ಕಕ್ಕೆ ಬರಲಿಲ್ಲ.

ಗಂಗಾಂಬಿಕೆ ಸಂಜೆ ಹೊತ್ತು ನನ್ನನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು. ಕಣ್ಣೆದುರು ನಡೆದ ಒಂದು ಕೆಡುಕು ಎಷ್ಟೋ ಒಳ್ಳೆಯದನ್ನು ಮರೆಮಾಡುತ್ತದೆ ಅನ್ನುವ ಅಧ್ಯಾಯ ಬಂತು.

"ಕೇಳಿಸ್ತೇನ್ರಿ?"

"ಕೇಳಿಸ್ತು. ಸರಿಯಾಗೇ ಬರೆದಿದ್ದಾನೆ."

"ಹಂಗಾದ್ರೆ ಆಸ್ಪತ್ರೆಗೆ ಹೋಗಣ?"

"ಅದು ಬೇರೆ ವಿಷಯ."

ಒಂದು ದಿನ ಮೇಷ್ಟ್ರು ನೀರೆಂದುಕೊಂಡು ಬಿಸಿ ಎಣ್ಣೆಯ ಬಾಣಲೆಗೆ ಕೈ ಹಾಕಹೋದರು. ತಡೆಯಲು ಓಡಿಬಂದ ಗಂಗಾಂಬಿಕೆಯ ಕೈ ಸುಟ್ಟಿತು. ಅವತ್ತು ಸಂಜೆ ಕೈಗೆ ಬಟ್ಟೆ ಸುತ್ತಿಕೊಂಡೇ ಆಕೆ ನನ್ನನ್ನು ಬಿಡಿಸಿ ಓದಿದರು:

"ಲೆಕ್ಕದ ಮೇಷ್ಟ್ರುಗಳು ಊರವರ ತಪ್ಪನ್ನೆಲ್ಲ ಹಿಡಿಯುತ್ತಾರೆ. ತಮ್ಮ ಹೆದರಿಕೆಗೆ ಮಾತ್ರ ವಿವೇಕ ಅಂತ ಹೆಸರಿಡುತ್ತಾರೆ. ಅವರ ಕೈ ಹಿಡಿದು ನಡೆಸುವವಳಿಗೂ ಸುಸ್ತಾಗುತ್ತದೆ."

ನನ್ನ ಯಾವ ಪುಟದಲ್ಲೂ ಆ ಮಾತಿರಲಿಲ್ಲ.

"ಅದರಲ್ಲಿ ಹಂಗೆ ಬರೆದಿಲ್ಲ!" ಮೇಷ್ಟ್ರು ಸಿಡಿದರು.

"ಬರೆದಿದೆ."

"ಕೊಡಿಲ್ಲಿ."

ನನ್ನನ್ನು ಕಸಿದು, ದೀಪದ ಕೆಳಗೆ ಹಿಡಿದು, ಹಿಂದೆ ಮುಂದೆ ಮಾಡಿದರು. ಅವರಿಗೆ ಕಂಡದ್ದು ಬರೀ ಮಂಜು. "ನೀವೇ ಓದಿ ತೋರಿಸಿ, ಆಮೇಲೆ ಮಾತಾಡಿ" ಎಂದು ಆಕೆ ಒಳಗೆ ಹೋದರು.

ಬೆಳಿಗ್ಗೆ ಕಾಫಿಗೂ ಮುಂಚೆ ಮೇಷ್ಟ್ರು ಅಂದರು, "ಡಾಕ್ಟರಿಗೆ ಫೋನ್ ಮಾಡು. ನಿನ್ನ ಸುಳ್ಳು ಹಿಡೀದೆ ಬಿಡಲ್ಲ." ಆಸ್ಪತ್ರೆಯ ಬಾಗಿಲಲ್ಲಿ ನಾಗಭೂಷಣರ ಕಣ್ಣಿನ ಕತೆಯನ್ನು ಮತ್ತೊಮ್ಮೆ ಹೇಳಿದರು. ಆದರೂ ಮಲಗಿದರು.

ಕಣ್ಣು ವಾಸಿಯಾದ ಮೇಲೆ ಜಗಲಿಯಲ್ಲಿ ಕೂತು ನನ್ನನ್ನು ಮೊದಲಿಂದ ಕಡೆಯವರೆಗೆ ಜಾಲಾಡಿದರು. "ಗಂಗಾ! ಎಲ್ಲಿದೆಯೇ ಅದು?" ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಗೆದ್ದ ಹುರುಪಿನಲ್ಲಿ ತಲೆಯೆತ್ತಿದ ಮೇಷ್ಟ್ರು ಆಕೆಯ ಮುಖವನ್ನೇ ನೋಡಿದರು.

"ಇಷ್ಟೊಂದು ಬಡವಾಗಿದ್ದೀಯಲ್ಲೇ," ಅಂದರು, ಮೆತ್ತಗೆ.

ಈಗ ನನ್ನ ಹೊಲಿಗೆ ಬಿಟ್ಟಿದೆ. ಮೇಷ್ಟ್ರ ಮನೆಯಿಂದ ಊರಿನ ವಾಚನಾಲಯಕ್ಕೆ ಬಂದು, ಮೂಲೆಯ ಕಪಾಟಿನಲ್ಲಿದ್ದೇನೆ. ಓದುವವರು ನಿಜ ನಿಜ ಎಂದು ತಲೆಯಾಡಿಸಿ, ಎದ್ದುಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ನನಗೆ ಬೇಸರವಿಲ್ಲ. ನನಗೆ ಮನುಷ್ಯರ ವಿಷಯ ಗೊತ್ತಿತ್ತು. ಗಂಗಾಂಬಿಕೆಗೆ ಆ ಒಬ್ಬ ಮನುಷ್ಯ ಗೊತ್ತಿದ್ದರು.