ಅಕ್ಕನ ಮನೆಗೆ ಮೂರು ಮಹಡಿ

ಎದೆಯ ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಬಾಯ್ಲರಪ್ಪನಿಗೆ ಉಳಿದದ್ದು ಒಂದೇ ಆಸೆ: ಮೂರನೆಯ ಮಹಡಿಯಲ್ಲಿರುವ ಅಕ್ಕನನ್ನು ಹೋಗಿ ನೋಡುವುದು. ಅವನ ಮನೆ ಅದೇ ಕಟ್ಟಡದ ನೆಲಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಹಾಸಿಗೆ ಹಿಡಿದ ಅಕ್ಕ ಇಳಿಯುವಂತಿಲ್ಲ, ಇವನು ಏರುವಂತಿಲ್ಲ. ಅಕ್ಕನ ಮಗಳು ಇಬ್ಬರಿಗೂ ಊಟ ಹೊತ್ತುಕೊಂಡು ನಡುವೆ ಓಡಾಡುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೊದಲು ಕುರ್ಚಿಯಲ್ಲಿ ಕೂರಿಸಿ ಹಿಮ್ಮಡಿ ಎತ್ತಿಸಿದಳು. ಆಮೇಲೆ ಮನೆಯೊಳಗೇ ನಡೆಸಿದಳು. ಕೊನೆಗೆ ಮೆಟ್ಟಿಲಿಗೆ ಬಂದಳು.

“ಹತ್ತುವಾಗ ಮಾತಾಡ್ತಾ ಇರಿ. ಮಾತು ತುಂಡಾದ್ರೆ ಅಲ್ಲೇ ಕೂತ್ಕೊಳ್ಳಿ. ಅವಸರ ಮಾತ್ರ ಬೇಡ.”

“ನಂಗೇ ಹೇಳ್ತೀಯಲ್ಲಮ್ಮ! ತಣ್ಣಗಿರೋ ಬಾಯ್ಲರ್‌ಗೆ ಒಂದೇ ಸಲ ಬೆಂಕಿ ಕೊಟ್ರೆ ಬಿರುಕು ಬಿಡುತ್ತೆ. ಜೀವಮಾನವೆಲ್ಲ ನಿಧಾನವಾಗಿ ಕಾಯಿಸಿದವನು ನಾನು.”

ಅದು ಜಂಬದ ಮಾತಲ್ಲ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯಲ್ಲಿ ಮ್ಯಾನೇಜರುಗಳು ಎಷ್ಟೇ ಕೂಗಾಡಿದರೂ ಹೊತ್ತಿಗೆ ಮುಂಚೆ ಉಗಿ ಕೊಟ್ಟವನಲ್ಲ.

ಅಕ್ಕನ ಮಗಳು ಪ್ರತಿ ಮಹಡಿಯ ತಿರುವಿನಲ್ಲೂ ಒಂದೊಂದು ಕುರ್ಚಿ ಇಟ್ಟಳು. ಬೆಳಿಗ್ಗೆ ಬೆಳಿಗ್ಗೆ ಅವನು ಅವಳೊಡನೆ ಮಾತಾಡುತ್ತ ಹತ್ತುತ್ತಿದ್ದ.

“ನಿಮ್ಮಮ್ಮ ಹೇಗಿದಾಳೆ?”

“ಚೆನ್ನಾಗಿದಾರೆ ಮಾವ. ಊಟಕ್ಕೆ ಉಪ್ಪಿಲ್ಲ ಅಂತ ಬೈದ್ರು. ನಮ್ಮ ಆಮೆ ಎಷ್ಟನೇ ಮೆಟ್ಟಿಲವರೆಗೆ ಬಂತು ಅಂತ ಕೇಳಿದ್ರು.”

“ಬೈದ್ಲಾ? ಹಾಗಾದ್ರೆ ಗಟ್ಟಿಯಾಗೇ ಇದಾಳೆ. ಒಂದ್ನಿಮಿಷ ಅವಳಿಗೆ ಫೋನ್ ಮಾಡ್ಕೊಡು, ನಾನೂ ನಾಲ್ಕು ಬೈತೀನಿ.”

“ಈಗ ತಾನೇ ನಿದ್ದೆ ಹತ್ತಿದೆ ಮಾವ, ಎಬ್ಬಿಸೋದು ಬೇಡ.”

ಎದೆ ಕೊಯ್ಯಿಸಿಕೊಂಡವರ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಅಕ್ಕ ಮಾತು ಬಿಟ್ಟು ಬಹಳ ದಿನಗಳಾಗಿದ್ದವು. ಆ ಬೈಗುಳಗಳನ್ನೆಲ್ಲ ಮಗಳೇ ನೆನಪಿನಿಂದ ಹೆಕ್ಕಿ ತರುತ್ತಿದ್ದಳು. ಅವನು ನಂಬಿದ. ನಂಬಿದ್ದರಿಂದಲೇ ಅವಸರಪಡಲಿಲ್ಲ.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಅವನು ಒಬ್ಬನೇ ಗೋಡೆಯೊಂದಿಗೆ ಮಾತಾಡುತ್ತ ಹತ್ತಿದ. ಎರಡನೆಯ ಮಹಡಿಯ ತಿರುವಿನಲ್ಲಿ ಮಾತು ತುಂಡಾಯಿತು. ಕುರ್ಚಿಯಲ್ಲಿ ಕೂತ. ಆಗ ಕೆಳಗಿನಿಂದ ಮಡಚಿದ ಸ್ಟ್ರೆಚರ್ ಹಿಡಿದ ಇಬ್ಬರು ಅವನ ಮೊಣಕಾಲು ಸವರಿಕೊಂಡೇ ಮೇಲಕ್ಕೆ ಓಡಿದರು. ಯಾರ ಮನೆಗೋ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಅವರು ಇಳಿದು ಬಂದರು.

“ಅಜ್ಜ, ಕುರ್ಚಿ ತೆಗೀರಿ! ತಿರುಗ್ತಾ ಇಲ್ಲ ಇಲ್ಲಿ!”

ಎದ್ದ. ಕುರ್ಚಿಯ ಕಾಲು ಮೆಟ್ಟಿಲ ಕಟಕಟೆಯ ಸರಳಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟು ಹೊತ್ತು ಸ್ಟ್ರೆಚರ್ ಓರೆಯಾಗಿ ಮೆಟ್ಟಿಲ ಮೇಲೇ ನಿಂತಿತು. ಅದರಲ್ಲಿ ಅಕ್ಕನಿದ್ದಳು. ಮೂಗಿನ ಮೇಲೆ ಆಮ್ಲಜನಕದ ಮಾಸ್ಕ್, ಕಣ್ಣು ಮುಚ್ಚಿತ್ತು. ಕೆನ್ನೆ ಇದ್ದ ಜಾಗದಲ್ಲಿ ಗುಳಿ ಬಿದ್ದಿತ್ತು. ಗೋಡೆಗೆ ಒತ್ತಿ ನಿಂತ ಅವನ ಎದೆಯ ಹೊಲಿಗೆಯನ್ನು ಸವರಿಕೊಂಡು ಅವಳು ಹಾದುಹೋದಳು. ಹಿಂದೆ ಬಂದ ಮಗಳು ಅವನ ಮುಖ ನೋಡಲಿಲ್ಲ.

“ಸ್ವಲ್ಪ ಸುಸ್ತು ಅಷ್ಟೇ ಮಾವ. ನೀವು ಕೆಳಗಿಳೀರಿ,” ಎಂದು ಓಡಿದಳು.

ಅವನು ಇಳಿಯಲಿಲ್ಲ. ಬಾಯಿ ಮುಚ್ಚಿಕೊಂಡು, ಎಲ್ಲಿಯೂ ಕೂರದೆ ಮೇಲೆ ಹತ್ತಿದ.

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ರಬ್ಬರ್ ಹಾಳೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ಗೋಡೆಗೆ ಒರಗಿಸಿದ್ದ ಖಾಲಿ ಸಿಲಿಂಡರುಗಳು, ಅವುಗಳನ್ನು ಎಳೆದಾಡಿ ನೆಲದಲ್ಲಿ ಮೂಡಿದ್ದ ಗೀರುಗಳು. ಗೀರುಗಳ ಮೇಲೆ ಧೂಳು ಕೂತು ಹಳೆಯದಾಗಿತ್ತು. ಅವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂಚದ ಅಂಚಿನಲ್ಲಿ ಕೂತ.

ಎಷ್ಟೋ ಹೊತ್ತಿನ ಮೇಲೆ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಆಸ್ಪತ್ರೆ ಸೇರಿದ್ವಿ ಮಾವ. ಅಮ್ಮ ಚೆನ್ನಾಗಿದಾರೆ.” ಅವಳ ಹಿಂದೆ ಯಾರೋ ಬಿಕ್ಕುತ್ತಿದ್ದರು. “ನೀವು ಮನೇಲೇ ಇದೀರ ತಾನೆ?”

“ಹೂಂ ಕಣಮ್ಮ. ಮನೇಲೇ ಇದೀನಿ. ನೀನು ಹೆದರ್ಬೇಡ.”

ದಿಂಬಿನ ಪಕ್ಕ ಬಿಟ್ಟುಹೋಗಿದ್ದ ನಳಿಕೆಯಿಂದ ಇನ್ನೂ ಸಣ್ಣಗೆ ಗಾಳಿ ಸೋರುತ್ತಿತ್ತು. ಅವನು ಕೈ ಚಾಚಿ ಸಿಲಿಂಡರಿನ ತಿರುಪನ್ನು ಬಿಗಿ ಮಾಡಿದ.