ದರ್ಜಿಯ ನಿದ್ದೆ

ತಂಗಿ ಚಿಕ್ಕಣ್ಣನ ಹೆಣಕ್ಕೆ ತೊಡಿಸಿದ ಅಂಗಿಯ ಗುಂಡಿ ಹಾಕುತ್ತಿದ್ದಾಗ ದೊಡ್ಡಣ್ಣ ಒಳಬಂದು ಬಾಗಿಲು ಮುಂದೆ ಮಾಡಿದ.

"ಆಸ್ಪತ್ರೆಯಿಂದ ಆ ನರ್ಸೂ ಅವನ ಗುರುವಾರದ ಗುಂಪಿನವರೂ ಬಂದಿದ್ದಾರೆ. ಯಾರಾದ್ರೂ ಕೇಳಿದ್ರೆ ಅಂಗಡಿ ಗಿರಾಕಿಗಳು ಅನ್ನು."

"ಲಾರಿ ಅಡಿ ಹೇಗೆ ಬಿದ್ದ ಅಂತ ಕೇಳಿದ್ರೆ?"

"ಕಾಲು ಜಾರಿತು, ಅಷ್ಟೇ. ಹುಚ್ಚಾಸ್ಪತ್ರೆ ಮಾತು ಎತ್ತಬೇಡ, ನಿನ್ನ ದಮ್ಮಯ್ಯ."

ಅವಳು ಮತ್ತೆ ಗುಂಡಿಗೆ ಕೈ ಹಾಕಿದಳು. ಬೀದಿಗೆಲ್ಲ ಹೊಲಿದುಕೊಟ್ಟ ಚಿಕ್ಕಣ್ಣ ತನ್ನ ಅಂಗಿಯ ಕಾಜನ್ನು ಮಾತ್ರ ಸಣ್ಣದಾಗಿಯೇ ಬಿಟ್ಟಿದ್ದ. ಗುಂಡಿ ತೂರುತ್ತಿರಲಿಲ್ಲ.

*

ಮಾನಸಿಕ ಆಸ್ಪತ್ರೆಯ ಹಾಲಿನಲ್ಲಿ ಪ್ರತಿ ಗುರುವಾರ ನರ್ಸು ರೋಗಿಗಳನ್ನು ಕೂರಿಸಿಕೊಂಡು ಅವರ ಕಾಯಿಲೆಯನ್ನು ಅವರಿಗೇ ಬಿಡಿಸಿ ಹೇಳುತ್ತಿದ್ದಳು. ಅದು ಶಾಪವಲ್ಲ, ಮರಳಿ ಬರುವ ಮುಂಚೆ ಸುಳಿವು ಕೊಡುತ್ತದೆ ಎನ್ನುತ್ತಿದ್ದಳು. ಚಿಕ್ಕಣ್ಣನ ಜೊತೆ ಹೋಗಿ ತಂಗಿಯೂ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ನಿಮ್ಮ ಸುಳಿವು ಏನು, ಟೈಲರ್?"

"ಮೊದಲು ನಿದ್ದೆ ಬರೋದು ನಿಲ್ಲುತ್ತೆ ಸಿಸ್ಟರ್. ಆಮೇಲೆ ಹೊಲಿಗೆ ಮಿಷನ್ನು ಅಳತೆ ತಪ್ಪು ಅಂತ ಬೈಯೋಕೆ ಶುರುಮಾಡುತ್ತೆ. ಗಿರಾಕಿಗಳೂ ಹಾಗೇ ಬೈತಾರೆ, ಅವರನ್ನ ಯಾಕೆ ಅಡ್ಮಿಟ್ ಮಾಡಲ್ಲ?"

ಕೂತವರೆಲ್ಲ ನಕ್ಕರು.

"ನಿದ್ದೆ ಬರದಿದ್ದಾಗ ಯಾರಿಗೆ ಹೇಳ್ತೀರಿ?"

"ನನ್ನ ತಂಗಿಗೆ," ಎಂದು ತಿರುಗಿ ಅವಳನ್ನು ತೋರಿಸಿದ್ದ.

ಹೇಳಿಯೂ ಇದ್ದ. ಹೋದ ವಾರ ಅಡುಗೆಮನೆ ಬಾಗಿಲಲ್ಲಿ ನಿಂತು, "ನಿದ್ದೆ ಬರ್ತಿಲ್ಲ ಕಣೇ," ಎಂದಿದ್ದ. ದೊಡ್ಡಣ್ಣ, "ಮತ್ತೆ ಅಲ್ಲಿಗೆ ಸೇರಿಸಿದ್ರೆ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಸ್ವಲ್ಪ ತಡಿ," ಎಂದ. ಅವಳು ತಡೆದಳು.

*

"ಇವರೆಲ್ಲ ಯಾರಮ್ಮ?" ಅಂಗಳದಲ್ಲಿ ಪಕ್ಕದ ಮನೆಯಾಕೆ ಕೇಳಿದಳು.

ದೊಡ್ಡಣ್ಣ ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: "ಆಸ್ಪತ್ರೇಲಿ ಅಣ್ಣನ ಜೊತೆ ಇದ್ದೋರು. ಅವನಿಗೆ ಮನಸ್ಸಿನ ಕಾಯಿಲೆ ಇತ್ತು. ಕಾಲು ಜಾರಲಿಲ್ಲ. ನಿದ್ದೆ ಬರ್ತಿಲ್ಲ ಅಂತ ನನಗೆ ಹೇಳಿದ್ದ. ನಾನು ಕರ್ಕೊಂಡು ಹೋಗಲಿಲ್ಲ."

ನರ್ಸು ಅವಳ ಬೆನ್ನ ಮೇಲೆ ಕೈಯಿಟ್ಟಳು.

ವ್ಯಾನು ಬಂತು. ಗುಂಪಿನವರೇ ಮುಂದೆ ಬಂದು ಹೆಗಲು ಕೊಟ್ಟರು. ದೊಡ್ಡಣ್ಣ ಹಿಂದುಳಿದು ನರ್ಸಿನ ಹತ್ತಿರ ಸರಿದ.

"ಸಿಸ್ಟರ್... ನನ್ನ ಮಗಳಿಗೆ ಜ್ವರ ಅಂತ ಎಲ್ಲರಿಗೂ ಹೇಳಿದ್ದೀನಿ. ಜ್ವರ ಅಲ್ಲ. ಊಟ ಬಿಟ್ಟಿದ್ದಾಳೆ, ಗೋಡೆ ಜೊತೆ ಜಗಳ ಆಡ್ತಾಳೆ."

"ಈಗ ಎಲ್ಲಿದ್ದಾಳೆ?"

ಅವನು ಎದುರಿನ ತನ್ನ ಮನೆಯ ಕಡೆ ನೋಡಿ, ಜೇಬಿನಿಂದ ಬೀಗದ ಕೈ ತೆಗೆದ.

ನರ್ಸು ಕೈ ಚಾಚುವಷ್ಟರಲ್ಲಿ ತಂಗಿ ಅದನ್ನು ಕಸಿದುಕೊಂಡಿದ್ದಳು. ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು; ಅವಳು ಬರಿಗಾಲಲ್ಲಿ ರಸ್ತೆ ದಾಟಿ ಓಡುತ್ತಿದ್ದಳು.