ಕೆಸರಿನ ಒಂಬತ್ತನೇ ಬಿಲ್ಲೆ

ಕೆಸರು ಕಂಡರೆ ಮೂಗು ಮುರಿಯದ ಒಬ್ಬಳೇ ಹೆಂಗಸು ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ಕೆಸರಮ್ಮ’ ಎನ್ನುತ್ತಿದ್ದರು. ಕೆರೆಗಳ ತಳಕ್ಕೆ ಕೊಳವೆ ಇಳಿಸಿ, ಕೆಸರು ಎತ್ತಿ, ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ ನೀರು ಬೇರ್ಪಡಿಸುವುದು ಅವಳ ಕೆಲಸ. ಆ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಜೈವಿಕ ವಸ್ತು ಎಲ್ಲಿಂದ ಬಂತೆಂದು ಹೇಳಬಲ್ಲಳು. ನೇರಳಾತೀತ ಬೆಳಕು ಬಿಟ್ಟರೆ ಕೊಳೆತ ಎಲೆಯದು ಒಂದು ಬಗೆಯ ಹೊಳಪು, ಕೊಳಚೆಯದು ಇನ್ನೊಂದು.

ಆ ಸಲ ತಂದದ್ದು ಊರಿಗೇ ಕುಡಿಯುವ ನೀರು ಕೊಡುವ ಕೆರೆಯ ಕೆಸರು. ಅಲ್ಲಿನ ಪಂಪ್‌ಹೌಸಿನ ಮುಖ್ಯಸ್ಥ ಅವಳ ಸ್ವಂತ ಅಣ್ಣ. “ಸುಮ್ನೆ ಪೆಟ್ರೋಲ್ ದಂಡ. ನನ್ನ ಕೆರೆ ಕನ್ನಡಿ ಇದ್ದ ಹಾಗಿದೆ” ಎಂದು ದೋಣಿ ಹತ್ತಿಸುವಾಗಲೇ ರೇಗಿಸಿದ್ದ.

ಆಳದ ಬಿಲ್ಲೆಗಳೆಲ್ಲ ಅವನ ಮಾತಿಗೆ ತಕ್ಕಂತೆಯೇ ಇದ್ದವು: ಎಲೆ, ಹುಲ್ಲು, ಪಾಚಿ. ಕೆಳಗಿನಿಂದ ನೋಡುತ್ತ ನೋಡುತ್ತ ಮೇಲಿನಿಂದ ಒಂಬತ್ತನೇ ಸೆಂಟಿಮೀಟರಿಗೆ ಬಂದಾಗ ಪರದೆಯ ಮೇಲೆ ಹೊಳಪು ತೋರಿಸುವ ಗೆರೆ ಗಕ್ಕನೆ ಏರಿತು. ಅಲ್ಲಿಂದ ಮೇಲ್ಮೈವರೆಗೂ ಇಳಿಯಲೇ ಇಲ್ಲ. ಬಾಟಲಿ ಸರಿಯಾಗಿ ತೊಳೆದಿಲ್ಲವೇನೋ ಎಂದು ಬೇರೆಯದರಲ್ಲಿ ನೋಡಿದಳು. ಅದೇ ಗೆರೆ. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ವಸ್ತುವೂ ಎಲೆಯಂತೆಯೇ ನೀಲಿಯಾಗಿ ಹೊಳೆಯುತ್ತದೆ. ಆದರೆ ನೇರಳಾತೀತ ದೀಪದಡಿ ಐದು ನಿಮಿಷ ಇಟ್ಟರೆ ಅದರ ಹೊಳಪು ಮಾಸಿಹೋಗುತ್ತದೆ, ಎಲೆಯದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇಟ್ಟು ನೋಡಿದಳು. ಗೆರೆ ಅರ್ಧಕ್ಕಿಳಿಯಿತು. ಅಂದರೆ ಮನೆಗಳ ಬಚ್ಚಲು, ಚರಂಡಿಯ ನೀರು. ಆ ಕೆರೆಯಲ್ಲಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಕೆಸರು ಕೂರುತ್ತದೆ.

ಕಾಗದ ಹಿಡಿದು ಪಂಪ್‌ಹೌಸಿಗೆ ಓಡಿದಳು. ಅಣ್ಣ ಊಟದ ಡಬ್ಬಿ ಬಿಚ್ಚುತ್ತಿದ್ದ.

“ಎಲ್ಲೋ ಒಳಚರಂಡಿ ಕೆರೆಗೆ ಸೇರಿದೆ ಅಣ್ಣ. ಒಂಬತ್ತು ವರ್ಷದಿಂದ.”

ಅವನು ನಗಲಿಕ್ಕೆ ಹೋದ. ನಗು ಅರ್ಧಕ್ಕೇ ನಿಂತಿತು.

“ಒಂಬತ್ತಾ?”

“ಹೂಂ. ಯಾಕೆ?”

“ಆ ವರ್ಷ ಒಳಚರಂಡಿಯ ದೊಡ್ಡ ಪೈಪು ಒಡೆದಿತ್ತು. ರಸ್ತೆ ತುಂಬ ಕೊಳಚೆ. ಮೂರು ದಿನದ ಮಟ್ಟಿಗೆ ಅಂತ ಒಂದು ಬೀದಿಯದನ್ನ ಕೆರೆಗೆ ತಿರುಗಿಸಿದ್ವಿ.”

“ಆಮೇಲೆ ಯಾರು ಮುಚ್ಚಿದ್ರು?”

“ನಾನು ಮುಚ್ಚಿಸಬೇಕಿತ್ತು. ಮುಚ್ಚಿದೆ ಅಂತ ಸಹಿ ಹಾಕಿದ್ದೂ ನಾನೇ. ಹೋಗಿ ನೋಡಿರಲಿಲ್ಲ.”

ಅವಳು ಕಾಗದವನ್ನು ಅವನ ಊಟದ ಡಬ್ಬಿಯ ಪಕ್ಕ ಇಟ್ಟಳು.

“ಕ್ಲೋರಿನ್ ಹಾಕ್ತಿದ್ವಲ್ಲ ಕಣೇ?” ಎಂದ, ಬೇಡಿಕೊಳ್ಳುವವನಂತೆ.

“ಅದು ಕ್ರಿಮಿ ಕೊಲ್ಲುತ್ತೆ. ಆದರೆ ನೀರಲ್ಲಿ ಕರಗಿರೋದರ ಜೊತೆ ಸೇರಿ ಬೇರೆ ವಿಷಾನೂ ಮಾಡುತ್ತೆ.”

“ನನ್ನ ಮಗಳು ಹುಟ್ಟಿದ್ದು ಅದರ ಮರುವರ್ಷ. ಹುಟ್ಟಿದಾಗಿಂದ ಅವಳು ಕುಡಿದದ್ದೇ ಈ ನೀರು.”

ಅವನು ಎದ್ದು ತನ್ನ ಕೈಯಾರೆ ಪಂಪುಗಳನ್ನು ನಿಲ್ಲಿಸಿದ. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಬದುಕಿದವನಿಗೆ ಮೌನ ಕಿವಿಗೆ ಹೊಡೆದಂತಾಯಿತು. ಮೇಲಧಿಕಾರಿಗೆ ಫೋನ್ ಮಾಡಿ, “ತಪ್ಪು ನಂದು. ಯಾರನ್ನಾದ್ರೂ ಕಳಿಸಿ” ಎಂದ.

ಸಂಜೆಯೊಳಗೆ ಅಗೆದರು. ನೀರಿನಡಿಯಲ್ಲಿ ಬಾಯ್ತೆರೆದಿದ್ದ ಪೈಪು ಇನ್ನೂ ಹರಿಯುತ್ತಲೇ ಇತ್ತು. ತಿಂಗಳುಗಟ್ಟಲೆ ಊರಿಗೆ ಟ್ಯಾಂಕರ್ ನೀರು ಬಂತು. ಅಣ್ಣನ ಕೆಲಸ ಹೋಯಿತು. ಅತ್ತಿಗೆ ಅವಳ ಜೊತೆ ಮಾತು ಬಿಟ್ಟರು. ಮಗಳ ತಪಾಸಣೆಯಲ್ಲಿ ಏನೂ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದ ದಿನ ತಾವಾಗಿಯೇ ಫೋನ್ ಮಾಡಿ, “ನೀನು ನೋಡದೇ ಇದ್ದಿದ್ರೆ ಇನ್ನೂ ಕುಡೀತಾನೇ ಇರ್ತಿದ್ವಿ” ಎಂದು ಅತ್ತರು.

ಅಣ್ಣ ಈಗ ಒಂದು ಪೈಪಿನಂಗಡಿಯಲ್ಲಿದ್ದಾನೆ. ಯಾರೇ ನೀರಿನ ಲೋಟ ಕೊಟ್ಟರೂ ಅದನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾನೆ.